ಬೆಲ್‌ಫಾಸ್ಟ್‌ನ ಕವಿ, ಮಲೆನಾಡಿನ ಹುಡುಗ: ಐರಿಷ್ ವಲಸಿಗರು ನಮ್ಮಲ್ಲಿ ಬಿಟ್ಟುಹೋಗಿದ್ದೇನು?

ಇಯರ್‌ಫೋನ್ ಮನೇಲಿ ಮರೆತು ಬಂದವರಿಗೆ, ಘಾಟಿಯಲ್ಲಿ ನೆಟ್‌ವರ್ಕ್ ಕಳ್ಕೊಂಡವರಿಗೆ ಈ ಬರಹರೂಪ.

ಈ ವಾರದ ವಿಷಯ ಶುರುವಾಗಿದ್ದು ಒಂದು ಫೋಟೋದಿಂದ. ಕಳಸದ ನನ್ನ ಕಾಲೇಜ್ ಗೆಳೆಯ ಒಬ್ಬ ಈಗ ಡಬ್ಲಿನ್‌ನಲ್ಲಿ ಓದ್ತಾ ಇದ್ದಾನೆ. ಅಲ್ಲಿನ ಒಂದು ರಸ್ತೆ ಫಲಕದ ಫೋಟೋ ಕಳಿಸಿದ್ದ. ಮೇಲೆ ಓರೆ ಅಕ್ಷರದಲ್ಲಿ ಐರಿಷ್ ಭಾಷೆ, ಕೆಳಗೆ ಇಂಗ್ಲಿಷ್. ಜೊತೆಗೆ ಒಂದು ಸಾಲು: "ಮಾರಾಯಾ, ಬೋರ್ಡ್ ತುಂಬಾ ಇವರ ಭಾಷೆ ಇದೆ, ಆದ್ರೆ ನಾನು ಬಂದು ಒಂದು ವರ್ಷ ಆಯ್ತು, ಬೀದೀಲಿ ಒಬ್ಬರ ಬಾಯಲ್ಲೂ ಕೇಳಿಲ್ಲ." ನಾನು ಲೆಕ್ಕ ನೋಡಿದೆ. ಐರ್ಲೆಂಡ್ ಗಣರಾಜ್ಯದ ಜನಸಂಖ್ಯೆ 50 ಲಕ್ಷಕ್ಕೂ ಸ್ವಲ್ಪ ಹೆಚ್ಚು. 2022ರ ಜನಗಣತಿ ಪ್ರಕಾರ ಶಾಲೆಯ ಹೊರಗೆ ದಿನಾ ಐರಿಷ್ ಮಾತಾಡೋರು ಸುಮಾರು 72,000 ಜನ. ಅಂದ್ರೆ ನೂರಕ್ಕೆ ಒಂದೂವರೆ.

ಅಂಥ ಒಂದು ದೇಶದಿಂದ ಬಂದ ಒಬ್ಬ ವಲಸಿಗ, ನಮ್ಮ ಮಲೆನಾಡಿನ ಒಬ್ಬ ಹುಡುಗನಿಗೆ "ನಿನ್ನ ಭಾಷೇಲಿ ಬರಿ" ಅಂತ ಹೇಳಿದ. ಹುಡುಗ ಮಾತು ಕೇಳಿದ. ಆ ಹುಡುಗನ ಹೆಸರು ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ. ಇಷ್ಟು ಹೇಳಿದ ಮೇಲೆ ಕಥೆ ಗೊತ್ತಾಯ್ತು ಅನ್ನಿಸಬಹುದು, ಹೈಸ್ಕೂಲ್ ಪಾಠದಲ್ಲಿ ಎರಡು ಸಾಲು ಓದಿರ್ತೀವಿ. ಆದ್ರೆ ಹೇಳಿದವನು ಯಾರು, ಎಲ್ಲಿಂದ ಬಂದ, ಯಾಕೆ ಬಂದ ಅನ್ನೋದು ಆ ಎರಡು ಸಾಲಲ್ಲಿ ಇರಲ್ಲ. ಇವತ್ತು ಅದನ್ನೇ ನೋಡೋಣ.

ಮೊದಲು ಸ್ವಲ್ಪ ದೂರದಿಂದ ಬರ್ತೀನಿ. ಐರಿಷ್ ಜನ ಯಾಕೆ ಇಷ್ಟೊಂದು ಊರು ಬಿಟ್ಟು ಹೋದರು?

1691ರಲ್ಲಿ ಲಿಮೆರಿಕ್ ಅನ್ನೋ ಊರಲ್ಲಿ ಒಂದು ಒಪ್ಪಂದ ಆಯ್ತು. ಇಂಗ್ಲೆಂಡ್ ವಿರುದ್ಧ ಸೋತ ಐರಿಷ್ ಕ್ಯಾಥೊಲಿಕ್ ಸೈನಿಕರು ಸಾವಿರಗಟ್ಟಲೆ ಹಡಗು ಹತ್ತಿ ಫ್ರಾನ್ಸ್‌ಗೆ ಹೋದರು. ಇತಿಹಾಸದಲ್ಲಿ ಇವರನ್ನ 'ಕಾಡು ಬಾತುಗಳು' ಅಂತಾರೆ, ಹಾರಿಹೋದವರು ಅನ್ನೋ ಅರ್ಥದಲ್ಲಿ. ಊರಲ್ಲಿ ಉಳಿದ ಕ್ಯಾಥೊಲಿಕರಿಗೆ ಮತ ಹಾಕೋ ಹಕ್ಕು, ಸರ್ಕಾರಿ ಹುದ್ದೆ, ಜಮೀನು ಕೊಳ್ಳೋ ಹಕ್ಕು ಎಲ್ಲಾ ಒಂದೊಂದಾಗಿ ಹೋಯ್ತು. ಹೊರಗೆ ಹೋದವರ ಮಕ್ಕಳು ಮೊಮ್ಮಕ್ಕಳು ಎಲ್ಲಿಗೆ ಮುಟ್ಟಿದರು ಅಂದ್ರೆ, ಲಿಯೊಪೊಲ್ಡೊ ಓ'ಡೊನೆಲ್ 1850 ಮತ್ತು 60ರ ದಶಕದಲ್ಲಿ ಸ್ಪೇನ್ ಪ್ರಧಾನಿ ಆದ. ಪಾಟ್ರಿಸ್ ಮ್ಯಾಕ್‌ಮಹೊನ್ 1873ರಲ್ಲಿ ಫ್ರಾನ್ಸ್ ಅಧ್ಯಕ್ಷ. ಎಡ್ವರ್ಡ್ ಟಾಫೆ 1879ರಿಂದ 1893ರ ತನಕ ಆಸ್ಟ್ರಿಯಾ ಸರ್ಕಾರದ ಮುಖ್ಯಸ್ಥ. ನಾನು ಕಾಮರ್ಸ್ ಹುಡುಗ, ಹಾಗಾಗಿ ಇನ್ನೊಂದು ಸೇರಿಸ್ತೀನಿ: ಹೆನೆಸಿ ಅನ್ನೋ ಬ್ರಾಂದಿ ಬ್ರ್ಯಾಂಡ್ ಇದೆಯಲ್ಲ, ಅದನ್ನ 1765ರಲ್ಲಿ ಫ್ರಾನ್ಸ್‌ನ ಕೊನ್ಯಾಕ್‌ನಲ್ಲಿ ಶುರು ಮಾಡಿದ್ದು ಐರ್ಲೆಂಡ್‌ನ ಕಾರ್ಕ್ ಕಡೆಯಿಂದ ಹೋದ ಒಬ್ಬ ಸೈನಿಕ.

ಸ್ವಂತ ಊರಲ್ಲಿ ಗ್ರಾಮ ಪಂಚಾಯ್ತಿ ಮಟ್ಟದ ಅಧಿಕಾರವೂ ಸಿಗದ ಜನ, ಪರದೇಶದಲ್ಲಿ ಅಧ್ಯಕ್ಷರಾದರು. ಇದು ಒಂದು ಬಗೆ.

ಎರಡನೇ ಬಗೆಯವರು ಐರ್ಲೆಂಡ್‌ನಲ್ಲಿದ್ದ ಆಳುವ ವರ್ಗ. ಪ್ರಾಟೆಸ್ಟೆಂಟ್ ಜಮೀನ್ದಾರರು, ಮೂಲ ಇಂಗ್ಲಿಷ್, ಹುಟ್ಟಿ ಬೆಳೆದದ್ದು ಐರ್ಲೆಂಡ್. ಇವರು ಹೋಗಿದ್ದು ಬ್ರಿಟಿಷ್ ಸಾಮ್ರಾಜ್ಯದ ಕೆಲಸಕ್ಕೆ. ನಮ್ಮ ಮೈಸೂರಿನ ಇತಿಹಾಸ ತೆಗೆದು ನೋಡಿ, ಇವರೇ ತುಂಬಿದ್ದಾರೆ. 1781ರಲ್ಲಿ ಪೋರ್ಟೊ ನೊವೊದಲ್ಲಿ ಹೈದರಾಲಿಯನ್ನ ಎದುರಿಸಿದ ಐರ್ ಕೂಟ್ ಲಿಮೆರಿಕ್ ಸೀಮೆಯವನು. 1784ರಲ್ಲಿ ಟಿಪ್ಪು ಜೊತೆ ಮಂಗಳೂರು ಒಪ್ಪಂದ ಆದಾಗ ಮದ್ರಾಸ್ ಗವರ್ನರ್ ಆಗಿದ್ದ ಮೆಕಾರ್ಟ್ನಿ ಆಂಟ್ರಿಮ್‌ನವನು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಗವರ್ನರ್ ಜನರಲ್ ಆಗಿದ್ದ ರಿಚರ್ಡ್ ವೆಲ್ಲೆಸ್ಲಿಯೂ ಐರ್ಲೆಂಡ್‌ನಲ್ಲಿ ಹುಟ್ಟಿದವನು, ಅವನ ತಮ್ಮ ಆರ್ಥರ್ ವೆಲ್ಲೆಸ್ಲಿಯೂ ಅಲ್ಲೇ ಹುಟ್ಟಿದವನು.

ಈ ತಮ್ಮನ ಹತ್ರ ಒಂದು ನಿಮಿಷ ನಿಲ್ಲಬೇಕು, ಯಾಕಂದ್ರೆ ಅವನು ನಮ್ಮ ಬೆಟ್ಟಗಳ ಬಾಗಿಲ ತನಕ ಬಂದಿದ್ದ. ಮೂಡಿಗೆರೆಯಿಂದ ದಕ್ಷಿಣಕ್ಕೆ ಇಳಿದರೆ ಸಕಲೇಶಪುರ. ಆ ಸೀಮೆಗೆ ಆಗ ಬಲಂ ಅಂತ ಹೆಸರು. ಟಿಪ್ಪು ಸತ್ತ ಮೇಲೂ ಬಲಂ ಪಾಳೇಗಾರ ಕಂಪನಿಗೆ ಬಗ್ಗಲಿಲ್ಲ. ಅರಕೆರೆ ಹತ್ರದ ದಟ್ಟ ಕಾಡೇ ಅವನ ಕೋಟೆ. 1800ರಲ್ಲಿ ಮೊದಲ ಸಲ ನುಗ್ಗಿದ ಕಂಪನಿ ಪಡೆ ಪೆಟ್ಟು ತಿಂದು ಹಿಂದೆ ಸರೀತು. 1802ರ ಜನವರಿಯಲ್ಲಿ ಆರ್ಥರ್ ವೆಲ್ಲೆಸ್ಲಿ ಖುದ್ದಾಗಿ ಬಂದ. ಕಾಡಿನ ಕೋಟೆ ಬಿತ್ತು, ಪಾಳೇಗಾರನನ್ನ ಹಿಡಿದು ಗಲ್ಲಿಗೆ ಹಾಕಿದರು. ಅದೇ ಆರ್ಥರ್ ಆಮೇಲೆ 1815ರಲ್ಲಿ ವಾಟರ್‌ಲೂದಲ್ಲಿ ನೆಪೋಲಿಯನ್‌ನ ಸೋಲಿಸಿದ, 1828ರಲ್ಲಿ ಬ್ರಿಟನ್ ಪ್ರಧಾನಿ ಆದ. 'ಡ್ಯೂಕ್ ಆಫ್ ವೆಲಿಂಗ್ಟನ್' ಅಂತ ಎಲ್ಲರೂ ಕೇಳಿರೋ ಹೆಸರು ಅವನದೇ. ಯುರೋಪಿನ ಗಡಿ ಗೆರೆ ಎಳೆದವರಲ್ಲಿ ಒಬ್ಬ ಅದಕ್ಕೂ ಮೊದಲು ನಮ್ಮ ಮಲೆನಾಡಿನ ಕಾಡಲ್ಲಿ ಯುದ್ಧ ಕಲಿತಿದ್ದ. ಇಷ್ಟು ಸಾಕು ಅವನ ವಿಷಯ. ಫಿರಂಗಿ ತಂದವರ ಬಗ್ಗೆ ಪುಸ್ತಕ ಬೇಕಾದಷ್ಟು ಇದೆ.

ನನಗೆ ಹೇಳಬೇಕಾಗಿರೋದು ಮೂರನೇ ಬಗೆ. ಇವರು ಸೋತು ಓಡಿಹೋದವರಲ್ಲ, ಆಳೋಕೆ ಬಂದವರೂ ಅಲ್ಲ.

ಜೇಮ್ಸ್ ಕಸಿನ್ಸ್ ಹುಟ್ಟಿದ್ದು 1873ರಲ್ಲಿ, ಬೆಲ್‌ಫಾಸ್ಟ್‌ನಲ್ಲಿ. ಅವನ ಹೆಂಡತಿ ಮಾರ್ಗರೆಟ್ 1878ರಲ್ಲಿ, ರಾಸ್‌ಕಾಮನ್ ಸೀಮೆಯ ಬಾಯ್ಲ್ ಅನ್ನೋ ಪುಟ್ಟ ಊರಲ್ಲಿ. ಇವರ ಅಜ್ಜ ಅಜ್ಜಿ ಕಾಲಕ್ಕೆ, ಅಂದ್ರೆ 1845ರಿಂದ ಶುರುವಾಗಿ ಕೆಲವು ವರ್ಷ, ಐರ್ಲೆಂಡ್‌ನಲ್ಲಿ ಆಲೂಗಡ್ಡೆಗೆ ರೋಗ ಬಿದ್ದು ದೊಡ್ಡ ಬರ. ಸುಮಾರು 10 ಲಕ್ಷ ಜನ ಸತ್ತರು, ಇನ್ನೂ 10 ಲಕ್ಷಕ್ಕೂ ಮಿಕ್ಕಿ ಜನ ದೇಶ ಬಿಟ್ಟರು. ಹೆಚ್ಚು ಸತ್ತವರು, ಹೆಚ್ಚು ಹೋದವರು ಐರಿಷ್ ಭಾಷೆ ಆಡ್ತಿದ್ದ ಪಶ್ಚಿಮದ ಬಡವರು. ಅದಕ್ಕೂ ಮೊದಲೇ, 1831ರಿಂದ, ಸರ್ಕಾರಿ ಶಾಲೆಗಳಲ್ಲಿ ಪಾಠ ಇಂಗ್ಲಿಷಲ್ಲಿ ಶುರುವಾಗಿತ್ತು. ಮಕ್ಕಳು ಹಡಗು ಹತ್ತಿ ಅಮೆರಿಕಕ್ಕೆ ಹೋಗಬೇಕು, ಅಲ್ಲಿ ಅನ್ನ ಹುಟ್ಟೋದು ಇಂಗ್ಲಿಷಿಂದ ಅಂತ ಅಪ್ಪ ಅಮ್ಮಂದಿರೇ ಮನೆಯಲ್ಲಿ ಐರಿಷ್ ಬಿಟ್ಟರು. ಯಾರೂ ಬಂದೂಕು ಹಿಡಿದು ಬಿಡಿಸಬೇಕಾಗಿರಲಿಲ್ಲ. ಒಂದು ಭಾಷೆ ಹೀಗೆ ಎರಡು ಮೂರು ತಲೆಮಾರಲ್ಲಿ ಅಡುಗೆಮನೆಯಿಂದ ಹೊರಗೆ ಹೋಯ್ತು.

(ಈ ಭಾಗ ರೆಕಾರ್ಡ್ ಮಾಡುವಾಗ ನಮ್ಮ ಪಕ್ಕದ ಮನೆಯ ಮಗು ಅಮ್ಮನ ಹತ್ರ 'ವಾಟರ್ ಬೇಕು' ಅಂತಿತ್ತು. ಕಟ್ ಮಾಡದೆ ಹಾಗೇ ಬಿಟ್ಟಿದ್ದೀನಿ, 9ನೇ ನಿಮಿಷದ ಹತ್ರ ಕೇಳ್ಸುತ್ತೆ.)

1893ರಲ್ಲಿ ಕೆಲವರು ಗೇಲಿಕ್ ಲೀಗ್ ಅಂತ ಸಂಘ ಕಟ್ಟಿ ಭಾಷೆ ಉಳಿಸೋಕೆ ಹೊರಟರು. ಡಬ್ಲಿನ್‌ನಲ್ಲಿ ಯೇಟ್ಸ್, ರಸಲ್ ಮುಂತಾದ ಕವಿಗಳು ಹಳೇ ಐರಿಷ್ ಕಥೆಗಳನ್ನ ಹುಡುಕಿ ಹೊಸದಾಗಿ ಬರೆಯೋಕೆ ಶುರು ಮಾಡಿದರು. ಜೇಮ್ಸ್ ಕಸಿನ್ಸ್ ಈ ಗುಂಪಿನ ಒಬ್ಬ. ನಾಟಕ ಬರೆದ, ನಟಿಸಿದ, ಪದ್ಯ ಬರೆದ. 1904ರಲ್ಲಿ ಮನೆ ಇಲ್ಲದೆ ಅಲೀತಿದ್ದ ಜೇಮ್ಸ್ ಜಾಯ್ಸ್ ಅನ್ನೋ ಹುಡುಗ ಇವರ ಮನೇಲಿ ಕೆಲವು ದಿನ ಉಳಿದಿದ್ದ. ಆದ್ರೆ ಗಮನಿಸಿ, ಈ ಕವಿಗಳು ಬರೆದಿದ್ದೆಲ್ಲ ಇಂಗ್ಲಿಷಲ್ಲೇ. ತಮ್ಮ ಭಾಷೆಯ ಕಥೆ ಇತ್ತು, ಭಾಷೆ ಕೈಯಲ್ಲಿರಲಿಲ್ಲ. ಕಸಿನ್ಸ್ ಮೈಸೂರಲ್ಲಿ ಕೇಳಿದ ಪ್ರಶ್ನೆ ಇಲ್ಲಿಂದ ಬಂದಿದ್ದು ಅಂತ ನಾನು ಓದಿಕೊಳ್ತೀನಿ.

ಮಾರ್ಗರೆಟ್ ಸುಮ್ಮನೆ ಕೂರೋ ಪೈಕಿ ಅಲ್ಲ. 1908ರಲ್ಲಿ ಹೆಂಗಸರ ಮತದಾನದ ಹಕ್ಕಿಗಾಗಿ ಐರ್ಲೆಂಡ್‌ನಲ್ಲಿ ಸಂಘ ಕಟ್ಟಿದಳು, ಜೈಲಿಗೂ ಹೋದಳು. 1915ರಲ್ಲಿ ಗಂಡ ಹೆಂಡತಿ ಇಬ್ಬರೂ ಆನಿ ಬೆಸೆಂಟ್ ಕರೆದರು ಅಂತ ಮದ್ರಾಸ್‌ಗೆ ಬಂದರು. ಬೆಸೆಂಟ್ ಹುಟ್ಟಿದ್ದು ಲಂಡನ್ ಆದರೂ ರಕ್ತ ಐರಿಷ್. 1916ರಲ್ಲಿ ಅವರು ಶುರು ಮಾಡಿದ ಹೋಮ್ ರೂಲ್ ಚಳವಳಿಯ ಹೆಸರೇ ಐರ್ಲೆಂಡ್‌ನಿಂದ ಎರವಲು ತಂದದ್ದು. ಜೇಮ್ಸ್‌ಗೆ ಬೆಸೆಂಟ್ ಅವರ 'ನ್ಯೂ ಇಂಡಿಯಾ' ಪತ್ರಿಕೇಲಿ ಕೆಲಸ. ಅದೇ 1916ರಲ್ಲಿ ಡಬ್ಲಿನ್‌ನಲ್ಲಿ ಈಸ್ಟರ್ ದಂಗೆ ಆಯ್ತು. ಅದನ್ನ ಹೊಗಳಿ ಜೇಮ್ಸ್ ಲೇಖನ ಬರೆದ, ಕೆಲಸ ಹೋಯ್ತು. ಅಲ್ಲಿಂದ ಮದನಪಲ್ಲಿಯ ಕಾಲೇಜಿಗೆ ಮೇಷ್ಟ್ರಾಗಿ ಹೋದ. 1919ರ ಫೆಬ್ರವರಿಯಲ್ಲಿ ರವೀಂದ್ರನಾಥ ಟ್ಯಾಗೋರ್ ಆ ಕಾಲೇಜಿಗೆ ಬಂದು ತಂಗಿದ್ದಾಗ ನಮ್ಮ ಈಗಿನ ರಾಷ್ಟ್ರಗೀತೆಗೆ ಸ್ವರಲಿಪಿ ಬರೆದಿಟ್ಟವಳು ಮಾರ್ಗರೆಟ್.

ಮಾರ್ಗರೆಟ್ ನಮ್ಮ ಕರಾವಳಿಗೂ ಬಂದಿದ್ದಳು. 1919–20ರಲ್ಲಿ ಮಂಗಳೂರಿನ ನ್ಯಾಷನಲ್ ಗರ್ಲ್ಸ್ ಸ್ಕೂಲ್‌ಗೆ ಮೊದಲ ಮುಖ್ಯಸ್ಥೆ. 1926ರಲ್ಲಿ ಮದ್ರಾಸ್ ವಿಧಾನ ಪರಿಷತ್ತಿಗೆ ಮಂಗಳೂರಿನ ಹೆಣ್ಣುಮಗಳು ಕಮಲಾದೇವಿ ಚಟ್ಟೋಪಾಧ್ಯಾಯ ಸ್ಪರ್ಧಿಸಿದರು. ಆಗ ಅವರಿಗೆ 23 ವರ್ಷ. ನಿಲ್ಲು ಅಂತ ಹುರಿದುಂಬಿಸಿದವಳು ಮಾರ್ಗರೆಟ್. ಕಮಲಾದೇವಿ ಸಣ್ಣ ಅಂತರದಲ್ಲಿ ಸೋತರು, ಆದ್ರೆ ಹೆಂಗಸು ಚುನಾವಣೆಗೆ ನಿಲ್ಲಬಹುದು ಅನ್ನೋದು ಊರಿಗೆಲ್ಲ ಗೊತ್ತಾಯ್ತು. ಮಾರ್ಗರೆಟ್ 1922ರಲ್ಲೇ ಮದ್ರಾಸಿನಲ್ಲಿ ಮ್ಯಾಜಿಸ್ಟ್ರೇಟ್ ಆಗಿದ್ದಳು, ದೇಶದಲ್ಲೇ ಆ ಕುರ್ಚಿ ಮೇಲೆ ಕೂತ ಮೊದಲ ಹೆಂಗಸು. ಹತ್ತು ವರ್ಷ ಬಿಟ್ಟು ಬ್ರಿಟಿಷ್ ಕಾನೂನು ವಿರೋಧಿಸಿ ಭಾಷಣ ಮಾಡಿದ್ದಕ್ಕೆ ವೆಲ್ಲೂರು ಜೈಲಲ್ಲಿ ಕೂತಳು. ಇವಳ ಬಗ್ಗೆ ಬೇರೆ ಎಪಿಸೋಡ್ ಬೇಕು, ಇಲ್ಲಿ ಇಷ್ಟಕ್ಕೇ ನಿಲ್ಲಿಸ್ತೀನಿ.

ಈಗ ನಮ್ಮ ಹುಡುಗನ ಹತ್ರ ಬರೋಣ.

ಕುವೆಂಪು ಅಂದ ಕೂಡಲೇ ಕುಪ್ಪಳಿ, ತೀರ್ಥಹಳ್ಳಿ, ಶಿವಮೊಗ್ಗ ಅಂತೀವಿ. ಆದ್ರೆ ಅವರು ಹುಟ್ಟಿದ್ದು 1904ರ ಡಿಸೆಂಬರ್ 29ರಂದು ತಾಯಿಯ ತವರು ಹಿರೇಕೊಡಿಗೆಯಲ್ಲಿ. ಅದು ಕೊಪ್ಪ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ. ಶಿವಮೊಗ್ಗದ ಗೆಳೆಯರು ಬೈಬೇಡಿ, ಬೆಳೆದದ್ದು ನಿಮ್ಮಲ್ಲೇ! ಮುಂದಿನ ಓದಿಗೆ ಹುಡುಗ ಮೈಸೂರಿಗೆ ಹೋದ. ಅಲ್ಲಿ ಇಂಗ್ಲಿಷ್ ಕವಿಗಳ ಹುಚ್ಚು ಹಿಡೀತು. 1922ರಲ್ಲಿ 'ಬಿಗಿನರ್ಸ್ ಮ್ಯೂಸ್' ಅಂತ ಇಂಗ್ಲಿಷ್ ಪದ್ಯಗಳ ಪುಟ್ಟ ಪುಸ್ತಕವೂ ಬಂತು. ಗಮನಿಸಿ, ಆಗ ವಯಸ್ಸು ಹದಿನೆಂಟೂ ತುಂಬಿಲ್ಲ. ಹಳ್ಳಿಯಿಂದ ಬಂದ ಹುಡುಗ, ಇಂಗ್ಲಿಷಲ್ಲಿ ಪುಸ್ತಕ. ಇವತ್ತಿನ ಲೆಕ್ಕದಲ್ಲಿ ಕಾಲೇಜ್ ಸ್ಟಾರ್.

1924ರಲ್ಲಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದ. ಜಗನ್ಮೋಹನ ಅರಮನೆಯಲ್ಲಿ ಚಿತ್ರಶಾಲೆ ಕಟ್ಟೋ ಕೆಲಸದಲ್ಲಿ ಅವನ ಕೈ ಇದ್ದದ್ದೂ ಅದೇ ವರ್ಷ. ಐರ್ಲೆಂಡ್‌ನ ನಿಜವಾದ ಕವಿ ಊರಿಗೆ ಬಂದಿದ್ದಾನೆ ಅಂತ ಪುಟ್ಟಪ್ಪ ತನ್ನ ಇಂಗ್ಲಿಷ್ ಪದ್ಯಗಳನ್ನ ತಗೊಂಡು ಹೋದ. ಮುಂದೆ ನಡೆದದ್ದನ್ನ ಕುವೆಂಪು ಅವರೇ ತಮ್ಮ ಆತ್ಮಕಥೆ 'ನೆನಪಿನ ದೋಣಿಯಲ್ಲಿ' ಹೇಳಿಕೊಂಡಿದ್ದಾರೆ. ಮೆಚ್ಚುಗೆ ಸಿಗುತ್ತೆ ಅಂತ ಹೋದವನಿಗೆ ಸಿಕ್ಕಿದ್ದು ಗದರಿಕೆ. ಹುಡುಗ ಉಟ್ಟಿದ್ದು ಖಾದಿ, ಕೈಲಿದ್ದದ್ದು ಇಂಗ್ಲಿಷ್ ಪದ್ಯ. ಬಟ್ಟೆ ಸ್ವದೇಶಿ, ಪದ್ಯ ಮಾತ್ರ ಯಾಕೆ ಅಲ್ಲ ಅಂತ ಕಸಿನ್ಸ್ ತಿವಿದ. ಕನ್ನಡದಲ್ಲಿ ಏನಾದ್ರೂ ಬರೆದಿದ್ದೀಯಾ ಅಂತ ಕೇಳಿದ. ಹೊಸ ಭಾವನೆ ಹೇಳೋಕೆ ಕನ್ನಡಕ್ಕೆ ಶಕ್ತಿ ಸಾಲದು, ಇಂಗ್ಲಿಷಲ್ಲಿ ಇರುವಷ್ಟು ಛಂದಸ್ಸು ಇಲ್ಲ ಅಂತ ಹುಡುಗ ವಾದ ಮಾಡಿದ. ಅದಕ್ಕೆ ಕಸಿನ್ಸ್ ಅಂದದ್ದರ ಸಾರ: ಯಾವ ಭಾಷೆಗೂ ಶಕ್ತಿ ತಾನಾಗೇ ಬರಲ್ಲ, ಬಳಸೋರು ತರಬೇಕು, ಟ್ಯಾಗೋರ್ ಬಂಗಾಳಿಗೆ ತಂದ ಹಾಗೆ.

ಹುಡುಗ ಬೇಜಾರಲ್ಲೇ ಎದ್ದು ಬಂದ. ಆದ್ರೆ ಅದೇ ವರ್ಷ, 1924ರಲ್ಲಿ, 'ಅಮಲನ ಕಥೆ' ಅನ್ನೋ ಅವನ ಕನ್ನಡ ಪುಸ್ತಕ ಬಂತು.

ಇದನ್ನ ನಾನು ನನ್ನ ಬಿ.ಕಾಂ. ಕಣ್ಣಲ್ಲಿ ನೋಡ್ತೀನಿ. 1924ರಲ್ಲಿ ಇಂಗ್ಲಿಷ್ ಬಿಟ್ಟು ಕನ್ನಡಕ್ಕೆ ಬರೋದು ಲಾಭದ ವ್ಯವಹಾರ ಅಲ್ಲ. ಕಾಲೇಜು, ಕೆಲಸ, ಮರ್ಯಾದೆ ಎಲ್ಲ ಇಂಗ್ಲಿಷ್ ಕಡೆಗೇ ಇತ್ತು. ನಾಲ್ಕೈದು ವರ್ಷ ಹಾಕಿದ ಶ್ರಮ, ಅಚ್ಚಾದ ಒಂದು ಪುಸ್ತಕ. ಫಸಲು ಬಿಡ್ತಿರೋ ಕಾಫಿ ಗಿಡ ಕಿತ್ತು ಹೊಸ ಸಸಿ ನೆಟ್ಟ ಹಾಗೆ. ತೋಟದ ಮನೆಯವರಿಗೆ ಗೊತ್ತು, ಮೂರು ನಾಲ್ಕು ವರ್ಷ ಕೈಗೆ ಏನೂ ಬರಲ್ಲ. ನಮ್ಮ ಪುಸ್ತಕದಲ್ಲಿ ಇದಕ್ಕೆ 'ಸಂಕ್ ಕಾಸ್ಟ್' ಅಂತಾರೆ: ಮುಳುಗಿದ ಖರ್ಚು ನೋಡ್ತಾ ಮುಂದಿನ ನಿರ್ಧಾರ ತಗೋಬಾರದು ಅಂತ. ಪರೀಕ್ಷೇಲಿ ನಾವೆಲ್ಲ ಬರೀತೀವಿ, ಜೀವನದಲ್ಲಿ ಮಾಡಿದವರು ಕಮ್ಮಿ.

ಇಲ್ಲಿ ಒಂದು ಎಚ್ಚರಿಕೆ ಮಾತು. 'ಬಿಳಿಯ ಹೇಳಿದ, ಕನ್ನಡಕ್ಕೆ ಮಹಾಕವಿ ಸಿಕ್ಕ' ಅನ್ನೋ ವಾಟ್ಸ್ಆ್ಯಪ್ ಫಾರ್ವರ್ಡ್ ಥರದ ಕಥೆಯನ್ನ ನಾನು ಒಪ್ಪಲ್ಲ. ಕನ್ನಡದಲ್ಲಿ ಆ ಹೊತ್ತಿಗೆ ಗಾಳಿ ಬದಲಾಗಿತ್ತು. ಬಿ.ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಪದ್ಯಗಳನ್ನ ಕನ್ನಡಕ್ಕೆ ತರ್ತಾ ಹೊಸ ಛಂದಸ್ಸಿನ ದಾರಿ ಹುಡುಕ್ತಿದ್ದರು, 1926ರಲ್ಲಿ ಅದು 'ಇಂಗ್ಲಿಷ್ ಗೀತಗಳು' ಅಂತ ಪುಸ್ತಕವಾಗಿ ಬಂತು. ಬೇಂದ್ರೆ ಧಾರವಾಡದಲ್ಲಿ ಬರೀತಿದ್ದರು. ಟಿ.ಎಸ್. ವೆಂಕಣ್ಣಯ್ಯನವರಂಥ ಮೇಷ್ಟ್ರು ಮೈಸೂರಲ್ಲಿ ಕುವೆಂಪುಗೆ ಸಿಕ್ಕರು. ಸೌದೆ ಒಣಗಿತ್ತು, ಕಸಿನ್ಸ್ ಕಡ್ಡಿ ಗೀರಿದ ಅಷ್ಟೇ. ಆದ್ರೆ ಕಡ್ಡಿ ಗೀರಿದವನನ್ನ ಮರೆಯೋದೂ ಸರಿ ಅಲ್ಲ.

ಮುಂದೆ ಆ ಬೆಂಕಿ ಎಲ್ಲೆಲ್ಲಿಗೆ ಹಬ್ಬಿತು ನೋಡಿ. 'ಶ್ರೀ ರಾಮಾಯಣ ದರ್ಶನಂ'ಗೆ ಜ್ಞಾನಪೀಠ, ಕನ್ನಡಕ್ಕೆ ಮೊದಲನೆಯದು, ಅದೆಲ್ಲ ಕ್ವಿಜ್ ಪ್ರಶ್ನೆ. ನನಗೆ ಹೆಚ್ಚು ಮುಖ್ಯ ಅನ್ನಿಸೋದು ಸಾರ್ವಜನಿಕ ಬದುಕಲ್ಲಿ ಆದ ಬದಲಾವಣೆ. 1956ರಿಂದ 1960ರ ತನಕ ಮೈಸೂರು ವಿಶ್ವವಿದ್ಯಾಲಯದ ಕುಲಪತಿ ಆಗಿ, ಮಾನಸಗಂಗೋತ್ರಿ ಕಟ್ಟಿ, ಹೆಸರೂ ಇಟ್ಟರು. ವಿಜ್ಞಾನವನ್ನೂ ಕನ್ನಡದಲ್ಲೇ ಕಲಿಸಬಹುದು ಅಂತ ಹಠ ಹಿಡಿದರು. ಹುಡುಗನಾಗಿದ್ದಾಗ ಕಸಿನ್ಸ್ ಮುಂದೆ ಹೇಳಿದ 'ಕನ್ನಡಕ್ಕೆ ಶಕ್ತಿ ಸಾಲದು' ಅನ್ನೋ ವಾದವನ್ನ ಈಗ ಬೇರೆಯವರು ಇವರ ಮುಂದೆ ಹೇಳ್ತಿದ್ದರು. ಮಂತ್ರ ಮಾಂಗಲ್ಯ ಅನ್ನೋ ಪುರೋಹಿತರಿಲ್ಲದ, ವರದಕ್ಷಿಣೆ ಇಲ್ಲದ, ಕನ್ನಡದ ಮದುವೆ ಪದ್ಧತಿ ರೂಪಿಸಿದರು. 1966ರಲ್ಲಿ ತಮ್ಮ ಮಗನ ಮದುವೆಯನ್ನೇ ಹಾಗೆ ಮಾಡಿದರು. ನಾವು ಶಾಲೆಯಲ್ಲಿ ಹಾಡೋ ನಾಡಗೀತೆ ಅವರದೇ.

ಆ ಮಗ ನಮ್ಮ ಬೆಟ್ಟಕ್ಕೆ ಬಂದರು. ಪೂರ್ಣಚಂದ್ರ ತೇಜಸ್ವಿ ಎಂ.ಎ. ಮುಗಿಸಿ ಮೇಷ್ಟ್ರ ಕೆಲಸಕ್ಕೆ ಹೋಗದೆ ಮೂಡಿಗೆರೆ ಕಡೆ ಕಾಫಿ ತೋಟ ಮಾಡಿದರು. 'ನಿರುತ್ತರ' ಅನ್ನೋ ಮನೆಯಲ್ಲಿ 2007ರಲ್ಲಿ ತೀರಿಕೊಳ್ಳೋ ತನಕ ಇಲ್ಲೇ ಇದ್ದರು. 'ಕರ್ವಾಲೊ' ಓದಿದವರಿಗೆ ಗೊತ್ತು, ತೋಟದ ಆಳು, ಜೇನು ಸಾಕೋನು, ವಿಜ್ಞಾನಿ ಎಲ್ಲರೂ ಒಂದೇ ಕನ್ನಡದಲ್ಲಿ ಮಾತಾಡ್ತಾರೆ. ಹಾರುವ ಓತಿ, ಜೀವವಿಕಾಸ ಎಲ್ಲ ಆ ಕನ್ನಡದಲ್ಲೇ ಆಗುತ್ತೆ. ಅಪ್ಪ ಪದ್ಯಕ್ಕೆ ಕನ್ನಡ ಸಾಕು ಅಂತ ತೋರಿಸಿದ್ದರೆ, ಮಗ ವಿಜ್ಞಾನಕ್ಕೂ ಸಾಕು ಅಂತ ಮಾಡಿ ತೋರಿಸಿದರು.

ಇನ್ನೊಂದು ವಿಷಯ ನಿಮ್ಮ ಫೋನ್‌ಗೇ ಸಂಬಂಧಪಟ್ಟಿದ್ದು. ಕಂಪ್ಯೂಟರ್‌ನಲ್ಲಿ ಕನ್ನಡ ಬರಬೇಕು, ಇಲ್ಲದಿದ್ರೆ ಭಾಷೆಗೆ ಉಳಿಗಾಲ ಇಲ್ಲ ಅಂತ ಮೊದಮೊದಲು ಗಲಾಟೆ ಮಾಡಿದವರಲ್ಲಿ ತೇಜಸ್ವಿ ಒಬ್ಬರು. ಹಂಪಿ ಕನ್ನಡ ವಿಶ್ವವಿದ್ಯಾಲಯದಿಂದ 'ಕುವೆಂಪು ಕನ್ನಡ ತಂತ್ರಾಂಶ' ಬರೋದರ ಹಿಂದೆ ಅವರ ಒತ್ತಾಸೆ ಇತ್ತು. ಮೂಡಿಗೆರೆಯ ಮಳೆಗೆ ಕರೆಂಟ್ ಹೋಗೋ ಊರಲ್ಲಿ ಕೂತು ಒಬ್ಬ ಕಾಫಿ ಬೆಳೆಗಾರ ಫಾಂಟ್ ಬಗ್ಗೆ ತಲೆ ಕೆಡಿಸ್ಕೊಂಡಿದ್ದ. ನೀವು ಈಗ ಇದನ್ನ ಕನ್ನಡ ಅಕ್ಷರದಲ್ಲಿ ಸ್ಕ್ರೋಲ್ ಮಾಡ್ತಿದ್ದೀರಲ್ಲ, ಅದು ತಾನಾಗೇ ಆಗಿದ್ದಲ್ಲ.

ನನಗೆ ಈ ವಿಷಯ ಯಾಕೆ ಇಷ್ಟು ತಾಗುತ್ತೆ ಅಂತ ಹೇಳಿಬಿಡ್ತೀನಿ. ಎರಡು ವರ್ಷದ ಹಿಂದೆ ಒಂದು ಆಡಿಯೊ ಆ್ಯಪ್ ಕಂಪನಿಯವರ ಜೊತೆ ಮಾತುಕತೆ ಆಗಿತ್ತು. ದನಿ ಚೆನ್ನಾಗಿದೆ, ರಿಸರ್ಚ್ ಚೆನ್ನಾಗಿದೆ, ಆದ್ರೆ ಇತಿಹಾಸ, ಅರ್ಥಶಾಸ್ತ್ರ ಎಲ್ಲ ಇಂಗ್ಲಿಷಲ್ಲಿ ಮಾಡಿ, ಕನ್ನಡದಲ್ಲಿ ಹಾರರ್ ಕಥೆ, ಜ್ಯೋತಿಷ್ಯ ಬಿಟ್ಟು ಬೇರೆ ಓಡಲ್ಲ ಅಂದರು. ನಾನು ಇಂಗ್ಲಿಷ್ ವಿರೋಧಿ ಅಲ್ಲ, ಅಕೌಂಟ್ಸ್ ಪೂರ್ತಿ ಇಂಗ್ಲಿಷಲ್ಲೇ ಓದಿದವನು, ಹೊಟ್ಟೆಪಾಡಿಗೆ ಜಿಎಸ್‌ಟಿ ರಿಟರ್ನ್ ಫೈಲ್ ಮಾಡೋದೂ ಇಂಗ್ಲಿಷಲ್ಲೇ. ಆದ್ರೆ 'ಓಡಲ್ಲ' ಅನ್ನೋ ಮಾತು ಕೇಳಿದಾಗ 1924ರ 'ಶಕ್ತಿ ಸಾಲದು' ಅನ್ನೋ ಮಾತು ಕಿವೀಲಿ ಬಿತ್ತು. ಎರಡೂ ಒಂದೇ ವಾದ, ಬಟ್ಟೆ ಬೇರೆ. ಮಾಡದೇ ಇರೋದಕ್ಕೆ ಕೇಳುಗರಿಲ್ಲ, ಕೇಳುಗರಿಲ್ಲ ಅಂತ ಮಾಡಲ್ಲ. ಒಪ್ಪಂದ ಆಗಲಿಲ್ಲ, ನಾನು ಸ್ವಂತ ಮೈಕ್ ತಗೊಂಡೆ. ಅದರ ಇಎಂಐ ಕಳೆದ ತಿಂಗಳು ಮುಗೀತು.

ನಮ್ಮ ಗಿರಿಯಲ್ಲಿ 'ಹೊರಗಿನವರು' ಅನ್ನೋ ಮಾತು ಈಗ ಜಾಸ್ತಿ ಕೇಳ್ತಿದೆ. ಆದ್ರೆ ಕಾಫಿ ಗಿಡವೇ ಹೊರಗಿನದು. ಬಾಬಾ ಬುಡನ್ ಯೆಮನ್‌ನಿಂದ ಏಳು ಬೀಜ ತಂದರು ಅನ್ನೋದು ನಮ್ಮ ಪ್ರತೀತಿ. 1830ರ ಹೊತ್ತಿಗೆ ಕ್ಯಾನನ್ ಅನ್ನೋ ಯುರೋಪಿಯನ್ ಇಲ್ಲಿ ತೋಟ ಶುರು ಮಾಡಿದ. ತೋಟ ದುಡಿದವರು ಘಟ್ಟದ ಕೆಳಗಿನಿಂದ, ತಮಿಳು ಸೀಮೆಯಿಂದ ಬಂದವರು, ಈಗ ಅಸ್ಸಾಮಿನಿಂದ ಬರ್ತಿದ್ದಾರೆ. ಬಂದವರು ಯಾರು ಅನ್ನೋದಕ್ಕಿಂತ ಬಂದು ಏನು ಮಾಡಿದರು ಅಂತ ಕೇಳೋದು ನನಗೆ ಹೆಚ್ಚು ಉಪಯೋಗದ ಪ್ರಶ್ನೆ. ವೆಲ್ಲೆಸ್ಲಿಯೂ ಐರ್ಲೆಂಡ್‌ನವನೇ, ಕಸಿನ್ಸ್ ಕೂಡ ಐರ್ಲೆಂಡ್‌ನವನೇ.

ಡಬ್ಲಿನ್ ಗೆಳೆಯನಿಗೆ ಈ ಕಥೆ ಹೇಳಿದೆ. ಅವನಿಗೆ ಕಸಿನ್ಸ್ ಹೆಸರು ಗೊತ್ತಿರಲಿಲ್ಲ. ಅವನ ಜೊತೆ ಓದೋ ಇಬ್ಬರು ಐರಿಷ್ ಹುಡುಗರನ್ನ ಕೇಳಿ ನೋಡಿದ, ಅವರಿಗೂ ಗೊತ್ತಿರಲಿಲ್ಲ. ಕಸಿನ್ಸ್ ದಂಪತಿ ವಾಪಸ್ ಹೋಗಿ ನೆಲೆಸಲೇ ಇಲ್ಲ. ಮಾರ್ಗರೆಟ್‌ಗೆ ಪಾರ್ಶ್ವವಾಯು ಬಡೀತು, 1954ರಲ್ಲಿ ತೀರಿಕೊಂಡಳು. ಜೇಮ್ಸ್ 1956ರ ಫೆಬ್ರವರಿಯಲ್ಲಿ ಮದನಪಲ್ಲಿಯಲ್ಲಿ ತೀರಿಕೊಂಡ. ಅದೇ ವರ್ಷ ಕುವೆಂಪು ಮೈಸೂರಲ್ಲಿ ಕುಲಪತಿ ಆದರು, ಅದೇ ವರ್ಷದ ನವೆಂಬರ್ 1ಕ್ಕೆ ಕನ್ನಡ ಮಾತಾಡೋ ಸೀಮೆಗಳೆಲ್ಲ ಒಂದು ರಾಜ್ಯ ಆದವು.

ಮುಂದಿನ ವಾರ ಮಾರ್ಗರೆಟ್ ಮತ್ತು ಕಮಲಾದೇವಿ, 1926ರ ಆ ಚುನಾವಣೆ. ನಿಮ್ಮ ಊರಿನ ಕಡೆ ಹೀಗೆ ಬಂದು ಹೋದವರ ಕಥೆ ಇದ್ರೆ ವಾಯ್ಸ್ ನೋಟ್ ಕಳಿಸಿ, ಎರಡು ನಿಮಿಷದ ಒಳಗೆ ಇರಲಿ. ಸಿಗೋಣ.